ಕೆರೆ ಹೋಟೆಲಿನ ಅಮ್ಮೆ

ಈ ಅಧ್ಯಾಯದಲ್ಲಿ ಅಮ್ಮೆ ಎಂದು ಬರೆದಲ್ಲೆಲ್ಲ ಓದುವವರು ತಂದೆ ಎಂದು ತಿಳಿಯಬೇಕು. ತುಳುವಿನಲ್ಲಿ ಹೆತ್ತವಳು ಅಪ್ಪೆ, ಹುಟ್ಟಿಸಿದವನು ಅಮ್ಮೆ. ಘಟ್ಟದ ಮೇಲಿನವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ನಮಗೆ ಅವರದ್ದು ತಲೆಕೆಳಗು. ಹಿಂದೊಮ್ಮೆ ಇದೇ ವಿಷಯವಾಗಿ ಒಂದು ಸಣ್ಣ ಬರಹವನ್ನು ಪತ್ರಿಕೆಗೆ ಕಳಿಸಿದ್ದೆ. ಅಲ್ಲಿ ಕರಡು ತಿದ್ದುವ ಪುಣ್ಯಾತ್ಮ ನನ್ನ ಅಮ್ಮೆಯನ್ನೆಲ್ಲ ಅಮ್ಮ ಮಾಡಿ ಅಚ್ಚು ಹಾಕಿಸಿದ. ಮೀಸೆ ಇರುವ, ಬೀಡಿ ಸೇದುವ, ದೋಣಿ ನಡೆಸುವ ಅಮ್ಮ. ಓದಿದವರು ಏನು ತಿಳಿದುಕೊಂಡರೋ ದೇವರಿಗೇ ಗೊತ್ತು. ಜೀವಮಾನವಿಡೀ ಮಕ್ಕಳಿಗೆ ಕನ್ನಡ ಕಲಿಸಿ ಹೊಟ್ಟೆ ಹೊರೆದವಳು ನಾನು, ಕನ್ನಡದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಈ ಒಂದು ಶಬ್ದವನ್ನು ಯಾರಾದರೂ ತಿದ್ದಲು ಬಂದರೆ ಈಗಲೂ ಮೈ ಉರಿಯುತ್ತದೆ. ಚಿಕ್ಕಂದಿನಲ್ಲಿ ಒಮ್ಮೆ ಅದನ್ನು ಕಳೆದುಕೊಂಡಿದ್ದೆ.

ನಾನು ಬೆಳೆದದ್ದು ಹೋಟೆಲಿನಲ್ಲಿ. ಹೋಟೆಲು ಎಂದ ಕೂಡಲೇ ಈಗಿನವರು ಗೋಳಿಬಜೆ, ಚಹಾ ಎಂದುಕೊಂಡಾರು. ಇದು ಆ ಜಾತಿಯದ್ದಲ್ಲ. ಕಂಕನಾಡಿಯಿಂದ ಇಳಿಜಾರಿನಲ್ಲಿ ಕೆಳಗೆ ಹೋದರೆ ಆಗ ಒಂದು ದೊಡ್ಡ ಕೆರೆ ಇತ್ತು, ಎಮ್ಮೆಗಳು ಮೈ ತೊಳೆಯುವ ಕೆರೆ. ಹಂಚಿನ ಕಾರ್ಖಾನೆಯಲ್ಲಿ ದುಡ್ಡು ಮಾಡಿದ ಒಬ್ಬ ಧಣಿಗಳು ಊಟಿಗೆ ಹೋಗಿ, ಅಲ್ಲಿ ಸರೋವರವನ್ನೂ ದೋಣಿಗಳನ್ನೂ ನೋಡಿ, ಊರಿಗೆ ಬಂದವರೇ ಆ ಕೆರೆಯನ್ನು ಕೊಂಡುಕೊಂಡರು. ಮಂಗಳೂರಿಗೆ ಬರುವವರು ಕಡಲು ನೋಡುವುದಕ್ಕೆ ಬರುತ್ತಾರೆ, ಕೆರೆಯನ್ನು ಯಾರು ನೋಡುತ್ತಾರೆ ಎಂದು ಎಲ್ಲರೂ ಹೇಳಿದರಂತೆ. ಧಣಿಗಳ ಉತ್ತರವನ್ನು ಅಡುಗೆಯ ಲಾದ್ರು ಪೊರ್ಬು ಅವರದೇ ಗತ್ತಿನಲ್ಲಿ ನಟಿಸಿ ತೋರಿಸುತ್ತಿದ್ದ.

“ಕಡಲು ದೇವರದ್ದು. ಕೆರೆ ನನ್ನದು.”

ಎಮ್ಮೆಗಳು ಹೋದವು, ಅಗಸರ ಕಲ್ಲುಗಳು ಹೋದವು, ಸುತ್ತ ಕೆಂಪುಕಲ್ಲಿನ ಮೆಟ್ಟಿಲು ಬಂತು. ದಂಡೆಯ ಮೇಲೆ ಎರಡು ಮಾಳಿಗೆಯ ಕಟ್ಟಡ ಎದ್ದಿತು. ಬರ್ಮಾ ತೇಗದ ಹಲಗೆ ಹಾಸಿದ ಕುಣಿತದ ಹಾಲು, ಹಡಗಿನಲ್ಲಿ ಬಂದು ಬಂದರಿನಿಂದ ಎತ್ತಿನ ಗಾಡಿಯಲ್ಲಿ ಏರಿ ಬಂದ ಬಿಲಿಯರ್ಡ್ಸ್ ಮೇಜು, ಮನುಷ್ಯ ಉದ್ದಕ್ಕೆ ಮಲಗಬಹುದಾದ ಬಿಳಿ ಸ್ನಾನದ ತೊಟ್ಟಿಗಳು, ಊಟದ ಹೊತ್ತಿಗೆ ಬಾರಿಸುವ ಕಂಚಿನ ಗಂಟೆ. ಪ್ರತಿ ಕೋಣೆಯ ಕಿಟಕಿಯೂ ನೀರಿಗೆ ತೆರೆಯಬೇಕು ಎಂದು ಧಣಿಗಳ ಹಟ, ಹಾಗಾಗಿ ಕಟ್ಟಡ ಕೆರೆಯ ಸುತ್ತ ಬಾಗಿಕೊಂಡು ಕೂತಿತ್ತು. ಕೊಡಗಿನ, ಚಿಕ್ಕಮಗಳೂರಿನ ಕಾಫಿ ತೋಟದ ದೊರೆಗಳು, ಹಡಗಿಗೆ ಕಾಯುವವರು, ಮದ್ರಾಸಿನ ಅಧಿಕಾರಿಗಳು, ಮೈಸೂರು ಕಡೆಯ ದೊಡ್ಡ ಮನುಷ್ಯರು ಬಂದು ಇಳಿಯುತ್ತಿದ್ದರು. ಯುದ್ಧ ಬಂದ ಮೇಲೆ ಅಲ್ಲಿ ಸಿಪಾಯಿಗಳು ಇದ್ದರಂತೆ, ಆಮೇಲೆ ಬೀಗ ಬಿತ್ತು, ಕೆರೆಗೆ ಮಣ್ಣು ಬಿತ್ತು. ಅಷ್ಟರಲ್ಲಿ ನಾವು ಅಲ್ಲಿರಲಿಲ್ಲ. ಅಮ್ಮೆ ಉಳ್ಳಾಲದ ಕಡವಿನಲ್ಲಿ ಜನ ದಾಟಿಸುತ್ತಿದ್ದರು, ನಾನು ಶಾಲೆಗೆ ಹೋಗುತ್ತಿದ್ದೆ. ಮೊನ್ನೆ ಆ ಕಡೆ ಹೋದಾಗ ರಿಕ್ಷಾದ ಹುಡುಗನಿಗೆ ಕೆರೆಯ ಹತ್ತಿರ ನಿಲ್ಲಿಸು ಎಂದೆ. ಯಾವ ಕೆರೆ ಅಜ್ಜಿ ಎಂದು ಕೇಳಿದ. ಅವನದ್ದೇನು ತಪ್ಪು.

ಅಮ್ಮೆ ಕಡಲಿನವರು. ಹೆಸರು ದೂಮ. ನನ್ನನ್ನು ಹೆತ್ತು ತಾಯಿ ತೀರಿಕೊಂಡಳು. ನಮ್ಮ ಕಟ್ಟುಪಾಡಿನಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು. ತಾಯಿ ಹೋದರೆ ಸೋದರಮಾವ ಕರೆದುಕೊಂಡು ಹೋಗಿ ಸಾಕಬೇಕು. ಮಾವ ಬಂದು ಕೇಳಿದಾಗ ಅಮ್ಮೆ ನನ್ನನ್ನು ಕೊಡಲಿಲ್ಲ. ಅವರು ದುಡಿಯುತ್ತಿದ್ದದ್ದು ಅದೇ ಮಾವನ ದೋಣಿಯಲ್ಲಿ. ಮಗುವನ್ನು ಕೊಡದವನು ನಮ್ಮ ದೋಣಿ ಹತ್ತುವುದು ಬೇಡ ಎಂದು ಮಾವ ಹೇಳಿದರು. ಬೇರೆ ದೋಣಿಯವರು ಅವರ ಮಾತು ಮೀರಿ ಕರೆಯಲಿಲ್ಲ. ಅದೇ ಹೊತ್ತಿಗೆ ಧಣಿಗಳಿಗೆ ಕೆರೆಯಲ್ಲಿ ದೋಣಿ ನಡೆಸುವ ಜನ ಬೇಕಾಗಿತ್ತು. ಅಮ್ಮೆ ನನ್ನನ್ನು ಎತ್ತಿಕೊಂಡು ಹೋಟೆಲಿಗೆ ಬಂದರು. ತೆರೆ ಇಲ್ಲದ, ಉಪ್ಪಿಲ್ಲದ, ಬಲೆ ಇಲ್ಲದ ನೀರಿನಲ್ಲಿ ದೊರೆಗಳನ್ನು ಕೂರಿಸಿಕೊಂಡು ಸುತ್ತು ಹಾಕುವ ಕೆಲಸ. ಇದು ತಿಳಿದು ಕಡಲ ತೀರದವರೆಲ್ಲ ನಕ್ಕರಂತೆ. ಮೀನಿನ ಬುಟ್ಟಿ ಹೊತ್ತು ಕಂಕನಾಡಿಗೆ ಬರುವ ನಮ್ಮವರೇ ಆದ ಹೆಂಗಸರು ಹೋಟೆಲಿನ ಗೇಟಿನ ಎದುರು ಬಂದಾಗ ಮುಖ ಆಚೆ ತಿರುಗಿಸಿ ಹೋಗುತ್ತಿದ್ದರು. ನಮ್ಮನ್ನು ನೋಡಲಿಕ್ಕೆಂದು ಒಬ್ಬರೂ ಬಂದ ನೆನಪು ನನಗಿಲ್ಲ.

ದೋಣಿ ಇಡುವ ಮಾಡಿನ ಹಿಂದೆ ನಮ್ಮ ಕೋಣೆ. ಒಂದು ಬಾಗಿಲು ಅಡುಗೆಮನೆಯ ಅಂಗಳಕ್ಕೆ, ಇನ್ನೊಂದು ನೀರಿಗೆ. ಕಿಟಕಿ ಇರಲಿಲ್ಲ. ಒಳಗೆ ಯಾವಾಗಲೂ ಬಣ್ಣದ ವಾಸನೆ. ದೋಣಿಗೆ ಮೀನೆಣ್ಣೆ ಹಚ್ಚುವುದು ಅಮ್ಮೆಗೆ ಗೊತ್ತಿದ್ದ ಕ್ರಮ, ಆದರೆ ದೊರೆಸಾನಿಯರ ಮೂಗಿಗೆ ಅದು ಆಗದು ಎಂದು ಧಣಿಗಳು ಹಸಿರು ಬಣ್ಣ ತರಿಸಿದ್ದರು. ಒಣ ಮೀನು ಸುಡುವುದಕ್ಕೂ ಅಪ್ಪಣೆ ಇರಲಿಲ್ಲ. ಕುಚ್ಚಲಕ್ಕಿ ಗಂಜಿಯ ಜೊತೆಗೆ ಸುಟ್ಟ ಒಣ ಮೀನು ಇಲ್ಲದೆ ಅಮ್ಮೆಗೆ ಊಟ ಇಳಿಯುತ್ತಿರಲಿಲ್ಲ. ಹೋಟೆಲು ಖಾಲಿಯಾಗುವ ಆಟಿ ತಿಂಗಳಿನ ಮಳೆಗೆ ಅವರು ಕಾಯುತ್ತಿದ್ದದ್ದು ಅದಕ್ಕಾಗಿಯೇ. ಉಳಿದ ಕಾಲದಲ್ಲಿ ಲಾದ್ರು ಪೊರ್ಬು ಕೆರೆಯ ಮೀನು ತಂದು ಕೊಟ್ಟರೆ ಇಬ್ಬರಿಗೂ ಜಗಳ.

“ತಿನ್ನು ಮಾರಾಯ, ಮೀನಲ್ವಾ ಇದು?”

“ಮೀನು ಎಂತದ್ದು, ಮಣ್ಣು ಇದು. ನೀನೇ ತಿನ್ನು.”

ಲಾದ್ರು ಕೊಂಕಣಿಯಲ್ಲಿ ಬೈಯುತ್ತಾ ಹೋಗುವನು. ಹೋಗುವಾಗ ನನ್ನ ಕೈಗೆ ಬ್ರೆಡ್ಡಿನ ತುದಿ ತುರುಕುವನು. ನಾನು ಮುಂದಿನ ಜಗಲಿಗೆ ಹೋಗುವಂತಿರಲಿಲ್ಲ, ಮಾಳಿಗೆ ಹತ್ತುವಂತಿರಲಿಲ್ಲ, ದೊರೆಗಳ ಮಕ್ಕಳ ಹತ್ತಿರ ನಿಲ್ಲುವಂತಿರಲಿಲ್ಲ. ಅಷ್ಟು ದೊಡ್ಡ ಕಟ್ಟಡದಲ್ಲಿ ನನ್ನ ವಯಸ್ಸಿನವರು ಬಂದು ಹೋಗುವವರೇ ಹೊರತು ಇರುವವರು ಇಲ್ಲ. ಒಬ್ಬಳ ಹೆಸರು ಕಲಿಯುವಷ್ಟರಲ್ಲಿ ಅವಳ ಪೆಟ್ಟಿಗೆ ಕಾರು ಹತ್ತಿರುತ್ತಿತ್ತು. ಹಗಲೆಲ್ಲ ನೀರಿನ ಬಾಗಿಲಿನಲ್ಲಿ ಕೂತು ಅಮ್ಮೆಯ ದೋಣಿ ಯಾವ ಕಡೆ ಇದೆ ಎಂದು ನೋಡುವುದೇ ನನ್ನ ಆಟ. ಸಂಜೆ ಕೊನೆಯ ಸವಾರಿಯವರು ಇಳಿದ ಮೇಲೆ ಮೆಟ್ಟಿಲ ಮೇಲೆ ನಿಂತು ಅಮ್ಮೆ ಎಂದು ಕೂಗುತ್ತಿದ್ದೆ. ಕೆರೆ ಬಟ್ಟಲಿನ ಹಾಗಿದ್ದದ್ದರಿಂದ ಶಬ್ದ ಸುತ್ತ ಹೋಗಿ ನನಗೇ ವಾಪಸು ಕೇಳುತ್ತಿತ್ತು. ದಿನವಿಡೀ ನಾನು ಗಟ್ಟಿಯಾಗಿ ಹೇಳುವುದಕ್ಕೆ ಇದ್ದ ಮಾತು ಅದೊಂದೇ.

ಲಲಿತಮ್ಮ ಅದನ್ನು ಕೇಳಿದ್ದು ತಮ್ಮ ಮಾಳಿಗೆಯ ಕಿಟಕಿಯಿಂದ. ಅವರು ಮೈಸೂರು ಕಡೆಯ ಒಬ್ಬ ಅಧಿಕಾರಿಯ ಹೆಂಡತಿ. ಗಂಡ ತೋಟದ ದೊರೆಗಳ ಜೊತೆ ಬೇಟೆಗೆ ಹೋದಾಗ ಅವರನ್ನು ಇಲ್ಲಿ ಬಿಟ್ಟು ಹೋಗುತ್ತಿದ್ದರು. ಡಾಕ್ಟರು ಕಡಲ ಗಾಳಿ ಒಳ್ಳೆಯದು ಎಂದಿದ್ದರಂತೆ. ಲಲಿತಮ್ಮನಿಗೆ ಕಡಲಿನ ಸದ್ದೆಂದರೆ ಹೆದರಿಕೆ, ಅದಕ್ಕೆ ಕೆರೆ. ಮಕ್ಕಳಿರಲಿಲ್ಲ. ಎರಡು ಮಾಳಿಗೆಯ ಆ ಕಟ್ಟಡದಲ್ಲಿ ನನ್ನಷ್ಟೇ ಒಂಟಿಯಾಗಿದ್ದವರು ಅವರೊಬ್ಬರೇ ಎಂದು ಈಗ ತೋರುತ್ತದೆ; ಆಗ ನನಗೆ ಕಂಡದ್ದು ಅವರ ಜರಿಯಂಚು ಮಾತ್ರ. ಮರುದಿನ ದೋಣಿ ಹತ್ತಲು ಮೆಟ್ಟಿಲಿಗೆ ಬಂದವರು ಲಾದ್ರುವನ್ನು ವಿಚಾರಿಸಿದರು.

“ಈ ಮಗೂಗೆ ತಾಯಿ ಇಲ್ವೇನಪ್ಪ?”

“ಇಲ್ಲ ಬಾಯಿಯವರೇ. ಹೆರಿಗೆಯಲ್ಲೇ ಹೋದ್ಲು.”

“ಅಯ್ಯೋ ದೇವರೇ. ಅದಕ್ಕೇ ಅವರಪ್ಪನ್ನೇ ಅಮ್ಮಾ ಅಂತ ಕೂಗುತ್ತೆ.”

ಲಾದ್ರುವಿನ ಮನೆಮಾತು ಕೊಂಕಣಿ, ಕನ್ನಡ ಅವನಿಗೂ ಅಷ್ಟಕ್ಕಷ್ಟೇ. ತಲೆಯಾಡಿಸಿಬಿಟ್ಟ. ಲಲಿತಮ್ಮ ನನ್ನನ್ನು ಹತ್ತಿರ ಕರೆದು ಕೆನ್ನೆ ಸವರಿ ಅತ್ತರು. ನನಗಾಗಿ ಒಬ್ಬರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಯಾಕೆಂದು ತಿಳಿಯದಿದ್ದರೂ ಹಿತವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಅಂದು ರಾತ್ರಿ ಊಟದ ಕೋಣೆಯಲ್ಲಿ ಅವರು ಈ ಕಥೆಯನ್ನು ಪಕ್ಕದ ಮೇಜಿನವರಿಗೆ ಹೇಳಿದರು, ಅವರು ಇಂಗ್ಲಿಷಿನಲ್ಲಿ ಮತ್ತೊಬ್ಬರಿಗೆ ಹೇಳಿದರು. ಅಮ್ಮನಿಲ್ಲದ ಮಗು, ಅಪ್ಪನನ್ನೇ ಅಮ್ಮ ಎಂದು ಕರೆಯುವ ಮಗು, ಕೆರೆ, ದೋಣಿ. ಸೂಪು ಆರುವುದರೊಳಗೆ ಎಲ್ಲರ ಕಣ್ಣೂ ಒದ್ದೆಯಾಗಿತ್ತಂತೆ.

ಧಣಿಗಳು ಜಾಣರು. ಅವರ ಮನೆಯಲ್ಲೂ ಆಡುವುದು ತುಳುವೇ, ಅಮ್ಮೆ ಎಂದರೆ ಯಾರೆಂದು ಅವರಿಗೆ ಚೆನ್ನಾಗಿ ಗೊತ್ತು. ಬೆಳಿಗ್ಗೆ ದೋಣಿ ಮಾಡಿನ ಹತ್ತಿರ ಬಂದು ನಗುತ್ತಾ ನಿಂತರು. ಅವರು ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅವರು ಹಾಗೆ ತಿಳ್ಕೊಂಡ್ರೆ ನಿಂಗೆ ಎಂತ ನಷ್ಟ ದೂಮ? ನೀನು ಸುಳ್ಳು ಹೇಳುದು ಬೇಡ. ಬಾಯಿ ಮುಚ್ಚಿ ಹುಟ್ಟು ಹಾಕು. ಅಷ್ಟು ಸಾಕು.”

ಬಾಯಿ ಮುಚ್ಚುವುದು ಅಮ್ಮೆಗೆ ಕಷ್ಟದ ಕೆಲಸವಲ್ಲ. ನನಗೆ ಒಂದು ಫ್ರಾಕು ಬಂತು, ತಲೆಗೆ ರಿಬ್ಬನ್ನು ಬಂತು. ದೋಣಿಯ ಮೂತಿಯಲ್ಲಿ ನನಗೆ ಜಾಗವಾಯಿತು. ಕೆರೆಯ ನಡುವೆ ಹೋದ ಮೇಲೆ ಯಾರಾದರೊಬ್ಬರು ಮೆಲ್ಲಗೆ, ನಿನ್ನ ತಂದೆಯನ್ನು ಕರೆ ನೋಡೋಣ ಎನ್ನುವರು. ನಾನು ಅಮ್ಮೆ ಎನ್ನುವೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವರು, ಒಬ್ಬ ಹೆಂಗಸು ಕರವಸ್ತ್ರ ಹುಡುಕುವಳು. ಅಮ್ಮೆ ಎದುರಿಗೇ ಕೂತು ನೀರು ನೋಡುತ್ತಾ ಹುಟ್ಟು ಹಾಕುತ್ತಿದ್ದರು. ಕರೆದದ್ದಕ್ಕೆ ಅವರು ಏನೆಂದು ಉತ್ತರ ಕೊಡಬೇಕು? ಕೆಲಸವಿದ್ದು ಕರೆದದ್ದಲ್ಲವಲ್ಲ. ಮೊದಮೊದಲು ನನಗೆ ಅದೊಂದು ಆಟವಾಗಿತ್ತು. ಬಿಸ್ಕತ್ತು ಸಿಗುತ್ತಿತ್ತು. ಆಮೇಲೆ ಒಂದು ದಿನ ನಮ್ಮ ಕೋಣೆಯಲ್ಲಿ, ಗಂಜಿ ಬಡಿಸುವಾಗ, ಅಮ್ಮೆ ಬನ್ನಿ ಎನ್ನಲು ಬಾಯಿ ತೆರೆದವಳಿಗೆ ಆ ಹೆಂಗಸರ ಮುಖಗಳು ಎದುರಿಗೆ ಬಂದ ಹಾಗಾಗಿ ಶಬ್ದ ಗಂಟಲಲ್ಲೇ ನಿಂತಿತು. ತಟ್ಟೆಯನ್ನು ನೆಲಕ್ಕೆ ತಟ್ಟಿ ಸದ್ದು ಮಾಡಿದೆ. ಅವರು ಬಂದು ಕೂತು ಉಂಡರು.

ಆಮೇಲೆ ಆ ಶಬ್ದ ನನ್ನ ಬಾಯಿಗೆ ಬರಲೇ ಇಲ್ಲ. ಅವರಿಗೆ ಬೇರೆ ಹೆಸರು ನನ್ನಲ್ಲಿ ಇರಲಿಲ್ಲ. ಅಪ್ಪ ಎಂದು ಕರೆಯಬಹುದಿತ್ತು, ಆದರೆ ಅದು ನಮ್ಮ ಕಿವಿಗೆ ತಾಯಿಯ ಹತ್ತಿರದ ಶಬ್ದ, ಸತ್ತವಳನ್ನು ಕರೆದ ಹಾಗಾಗುತ್ತಿತ್ತು. ಹಾಗಾಗಿ ಕೆಮ್ಮುತ್ತಿದ್ದೆ, ಬಾಗಿಲು ಬಡಿಯುತ್ತಿದ್ದೆ, ಇಕೊಳ್ಳಿ ಎನ್ನುತ್ತಿದ್ದೆ. ಸಂಜೆ ಮೆಟ್ಟಿಲ ಮೇಲೆ ನಿಂತು ಕೂಗುವುದೂ ನಿಂತಿತು. ದೋಣಿಯಲ್ಲಿ ಜನ ಕೇಳಿದರೂ ತಲೆ ತಗ್ಗಿಸಿ ಕೂರುತ್ತಿದ್ದೆ. ಹುಡುಗಿ ಹಟಮಾರಿ ಆಗಿದ್ದಾಳೆ ಎಂದು ಧಣಿಗಳು ಗದರಿಸಿದರು. ಅಮ್ಮೆ ಮಾತ್ರ ಏನೂ ಕೇಳಲಿಲ್ಲ. ಅವರಿಗೆ ಗೊತ್ತೇ ಆಗಲಿಲ್ಲ ಎಂದು ನಾನು ಎಣಿಸಿದ್ದೆ. ಗೊತ್ತಾಗದಿದ್ದದ್ದಕ್ಕೆ ಅವರ ಮೇಲೆ ನನಗೆ ಕೋಪವಿತ್ತು. ಒಂದೇ ಚಾಪೆಯ ಮೇಲೆ ಮಲಗುವ ಇಬ್ಬರು ಹೆಸರು ಹಿಡಿದು ಕರೆಯದೆ ಬದುಕಿದ ಆ ಕಾಲದಷ್ಟು ಒಂಟಿತನವನ್ನು ನಾನು ಮುಂದೆ ಗಂಡ ತೀರಿಕೊಂಡಾಗಲೂ ಕಾಣಲಿಲ್ಲ.

ಮುಂದಿನ ಚಳಿಗಾಲಕ್ಕೆ ಲಲಿತಮ್ಮ ಮತ್ತೆ ಬಂದರು. ಈ ಸಲ ನನಗಾಗಿ ಎರಡು ಲಂಗ, ಒಂದು ಸ್ಲೇಟು, ಚಪ್ಪಲಿ ತಂದಿದ್ದರು. ನಾನು ದೋಣಿಯಲ್ಲಿ ಮೌನವಾಗಿ ಕೂತದ್ದನ್ನು ನೋಡಿ, ಮಗು ಬಾಡಿಹೋಗಿದೆ, ಇನ್ನು ಇದಕ್ಕೆ ತಾಯಿ ಬೇಕೇ ಬೇಕು ಎಂದು ತೀರ್ಮಾನ ಮಾಡಿದರು. ಗಂಡನಿಗೆ ಹೇಳಿ ಒಪ್ಪಿಸಿದರು. ಗಂಡ ಧಣಿಗಳಿಗೆ ಹೇಳಿದರು. ಧಣಿಗಳು ದೋಣಿ ಮಾಡಿಗೆ ಬಂದು ಕುರ್ಚಿ ತರಿಸಿ ಕೂತರು. ನಾನು ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೇಳುತ್ತಿದ್ದೆ.

“ಸಾಕಿ ಓದಿಸ್ತಾರಂತೆ ದೂಮ. ಸ್ವಂತ ಮಗಳ ಹಾಗೆ. ಇಲ್ಲಿ ನಿನ್ನ ಹತ್ರ ಅವಳಿಗೆ ಎಂತ ಉಂಟು?”

ಅಮ್ಮೆ ಹುಟ್ಟುಗಳನ್ನು ಗೋಡೆಗೆ ಒರಗಿಸಿಡುವ ಸದ್ದು ಕೇಳಿತು.

“ಅವತ್ತು ಮಾವನ ಮನೆಗೂ ಕೊಡ್ಲಿಲ್ಲ ನೀನು. ಹಟ ಮಾಡಿ ಎಂತ ಸಿಕ್ಕಿತು? ಕಡಲು ಹೋಯ್ತು. ದೊಡ್ಡ ಜನ ಅವರು, ನನ್ನ ಹೋಟೆಲಿಗೆ ಬೇಕಾದವರು. ನೀನು ಆಗುದಿಲ್ಲ ಅಂತ ಹೇಳಿದ್ರೆ ಈ ಕೋಣೆಯ ವಿಷಯ ನಾನು ಪುನಃ ಆಲೋಚನೆ ಮಾಡ್ಬೇಕಾಗ್ತದೆ.”

ಆಮೇಲೆ ಅಮ್ಮೆಯ ದನಿ ಕೇಳಿತು.

“ಅವಳನ್ನೇ ಕೇಳ್ಲಿ ಧಣಿ. ಅವಳು ಹೋಗ್ತೇನೆ ಅಂದ್ರೆ ನಾನು ಅಡ್ಡ ಬರುದಿಲ್ಲ.”

ನನ್ನನ್ನು ಬಿಟ್ಟುಕೊಡಲಿಕ್ಕೆ ತಯಾರಾಗಿದ್ದಾರೆ ಎಂದೇ ತಿಳಿದೆ. ಅವರನ್ನು ಕರೆಯುವುದನ್ನು ನಿಲ್ಲಿಸಿದವಳು ನಾನು, ಇನ್ನು ಅವರಿಗೆ ನಾನು ಯಾಕೆ ಬೇಕು ಎಂದು ಎಂಟೊಂಬತ್ತು ವರ್ಷದ ತಲೆಯಲ್ಲಿ ಲೆಕ್ಕ ಹಾಕಿದೆ. ಅಂದು ಸಂಜೆ ಅಮ್ಮೆ ನನ್ನ ಎರಡು ಅಂಗಿಗಳನ್ನು ಒಗೆದು, ಹರಿದಲ್ಲಿ ತಾವೇ ಹೊಲಿದರು. ಬಲೆ ಹೊಲಿಯುವ ಕೈ, ಹೊಲಿಗೆ ಗಟ್ಟಿಯಾಗಿತ್ತು.

ಮರುದಿನ ಮಧ್ಯಾಹ್ನ ಲಲಿತಮ್ಮ ಒಬ್ಬರೇ ದೋಣಿಗೆ ಬಂದರು. ನನ್ನನ್ನು ಮೂತಿಯಿಂದ ಎಬ್ಬಿಸಿ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ಅಮ್ಮೆ ನಮಗೆ ಎದುರಾಗಿ ಕೂತು ಹುಟ್ಟು ಹಾಕುತ್ತಿದ್ದರು. ಕೆರೆಯ ನಡುವೆ ಬಂದೆವು. ಹೋಟೆಲಿನ ಜಗಲಿಯಲ್ಲಿ ಧಣಿಗಳ ಬಿಳಿ ಕೋಟು ಕಾಣುತ್ತಿತ್ತು.

“ಸೀತು, ನನ್ನ ಜೊತೆ ಮೈಸೂರಿಗೆ ಬರ್ತೀಯಾ? ಸ್ಕೂಲಿಗೆ ಸೇರಿಸ್ತೀನಿ. ನಿಂಗೇನು ಬೇಕೋ ಕೇಳು ಮರಿ, ಎಲ್ಲಾ ಕೊಡಿಸ್ತೀನಿ. ಏನು ಬೇಕು ಹೇಳು.”

ಏನು ಬೇಕು ಎಂದು ನನ್ನನ್ನು ಆವರೆಗೆ ಯಾರೂ ಕೇಳಿರಲಿಲ್ಲ. ಉತ್ತರ ತಾನಾಗಿ ಬಂತು. ಅಷ್ಟು ಕಾಲ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಶಬ್ದ ಅಳುವಿನ ಜೊತೆಗೇ ಹೊರಗೆ ಬಿತ್ತು.

“ನಂಗೆ ಅಮ್ಮೆ ಬೇಕು.”

ಲಲಿತಮ್ಮ ನನ್ನನ್ನು ಬಾಚಿ ತಬ್ಬಿಕೊಂಡರು.

“ನಾನೇ ಕಣೇ. ಇನ್ಮೇಲೆ ನಾನೇ ನಿನ್ನಮ್ಮ.”

ಪೌಡರಿನ ಪರಿಮಳ, ರೇಷ್ಮೆಯ ತಣುಪು, ಉಸಿರು ಕಟ್ಟುವ ಅಪ್ಪುಗೆ. ಅಲ್ಲ ಎಂದು ಹೇಳುವಷ್ಟು ಕನ್ನಡ ನನಗೆ ಬರುತ್ತಿತ್ತು. ಹೇಳುವ ಧೈರ್ಯ ಬರಲಿಲ್ಲ. ಅವರ ಭುಜದ ಮೇಲಿನಿಂದ ಅಮ್ಮೆಯನ್ನು ನೋಡಿದೆ. ಹುಟ್ಟುಗಳನ್ನು ಎತ್ತಿ ಹಿಡಿದಿದ್ದರು. ದೋಣಿ ತನ್ನಷ್ಟಕ್ಕೆ ಸರಿಯುತ್ತಿತ್ತು. ನಾನು ಹೇಳಿದ್ದು ಏನು, ಲಲಿತಮ್ಮನಿಗೆ ಕೇಳಿಸಿದ್ದು ಏನು ಎಂಬುದು ಆ ಕೆರೆಯ ಮೇಲೆ ನನ್ನನ್ನು ಬಿಟ್ಟರೆ ಅಮ್ಮೆಗೆ ಮಾತ್ರ ಗೊತ್ತಿತ್ತು. ಸುಮ್ಮನಿದ್ದರೆ ಸಾಕಿತ್ತು. ಕೋಣೆ ಉಳಿಯುತ್ತಿತ್ತು, ಧಣಿಗಳ ಮಾತು ಉಳಿಯುತ್ತಿತ್ತು, ನನಗೆ ಶಾಲೆ, ಚಪ್ಪಲಿ, ಮೈಸೂರು. ಮಗಳೇ ಬಾಯಿಬಿಟ್ಟು ಕೇಳಿದಳು ಎಂದು ಎಲ್ಲರಿಗೂ ಹೇಳಬಹುದಿತ್ತು. ಸುಮ್ಮನಿರುತ್ತಾರೆ ಎಂದೇ ನಾನು ಎಣಿಸಿದೆ, ಸುಮ್ಮನಿರುವುದೇ ಅವರ ಸ್ವಭಾವ.

“ಅಮ್ಮನವರೇ, ಅವಳು ಕೇಳಿದ್ದು ನಿಮ್ಮನ್ನಲ್ಲ.”

“ಏನಪ್ಪಾ? ಏನಂದೆ?”

“ನಮ್ಮ ಭಾಷೆಯಲ್ಲಿ ಅಪ್ಪನಿಗೆ ಅಮ್ಮೆ ಅಂತ ಹೇಳುದು. ಅವಳು ಬೇಕು ಅಂತ ಹೇಳಿದ್ದು ನನ್ನನ್ನು.”

ಲಲಿತಮ್ಮನ ತೋಳು ಮೆಲ್ಲಗೆ ಸಡಿಲವಾಯಿತು. ನನ್ನ ಮುಖ ನೋಡಿದರು, ಅಮ್ಮೆಯ ಮುಖ ನೋಡಿದರು.

“ಹಾಗಾದ್ರೆ ಹೋದ ವರ್ಷ, ಆ ಮೆಟ್ಟಿಲ ಮೇಲೆ ನಿಂತು ಕೂಗ್ತಿದ್ದಿದ್ದು...”

“ನನ್ನನ್ನೇ. ಊಟಕ್ಕೆ.”

“ಮತ್ತೆ ತಾಯಿಗೆ ಏನಂತೀರಿ ನೀವು?”

“ಅಪ್ಪೆ ಅಂತ. ಇವಳಿಗೆ ಅದನ್ನು ಕರೆಯುವ ಭಾಗ್ಯ ಸಿಗ್ಲಿಲ್ಲ.”

ಲಲಿತಮ್ಮ ಮೊದಲು ನಕ್ಕರು, ಸಣ್ಣಗೆ, ತಮ್ಮ ಮೇಲೆ ತಾವೇ. ಆಮೇಲೆ ನೀರಿನ ಕಡೆ ತಿರುಗಿ ಸೆರಗನ್ನು ಬಾಯಿಗೆ ಹಿಡಿದುಕೊಂಡರು. ಒಂದು ವರ್ಷವಿಡೀ ಅವರು ಮೈಸೂರಿನ ಮನೆಯಲ್ಲಿ ಕೂತು, ಯಾವುದೋ ಊರಿನಲ್ಲಿ ಒಂದು ಮಗು ತನ್ನಂಥವಳಿಗಾಗಿ ಕೂಗುತ್ತಿದೆ ಎಂದು ನಂಬಿಕೊಂಡಿದ್ದರಲ್ಲ. ಅವರನ್ನು ನೋಡಿ ನನಗೆ ಅಯ್ಯೋ ಅನಿಸಿತು. ದಡಕ್ಕೆ ಬಿಡಪ್ಪ ಎಂದರು. ಇಳಿಯುವಾಗ ಅಮ್ಮೆ ಚಾಚಿದ ಕೈಯನ್ನು ಹಿಡಿದುಕೊಂಡೇ ಇಳಿದರು, ನನ್ನ ತಲೆ ಸವರಿದರು, ಹಿಂದಿರುಗಿ ನೋಡದೆ ಮೆಟ್ಟಿಲು ಹತ್ತಿ ಹೋದರು.

ಜಗಲಿಯಲ್ಲಿ ಅವರು ಧಣಿಗಳಿಗೆ ಏನೋ ಹೇಳಿ ಒಳಗೆ ಹೋದದ್ದು ಕಂಡಿತು. ಧಣಿಗಳು ಜಗಲಿಯ ಅಂಚಿಗೆ ಬಂದು ನಿಂತರು. ಅಮ್ಮೆ ದೋಣಿಯನ್ನು ಕಟ್ಟಲಿಲ್ಲ. ಮೆಟ್ಟಿಲಿಗೆ ಹುಟ್ಟು ಒತ್ತಿ ಮತ್ತೆ ನೀರಿಗೆ ತಳ್ಳಿದರು. ಸವಾರಿಯವರಿಲ್ಲದೆ ನಾವಿಬ್ಬರೇ ಕೆರೆಯ ನಡುವೆ ಹೋದದ್ದು ಅದೇ ಮೊದಲು. ಅಲ್ಲಿ ಹುಟ್ಟು ಒಳಗಿಟ್ಟು, ನನಗೆ ಬೆನ್ನು ಹಾಕಿ ಆಚೆ ದಡ ನೋಡುತ್ತಾ ಕೂತರು. ಹಿಂದಿನಿಂದ ಧಣಿಗಳು ದೂಮ, ದೂಮ ಎಂದು ಕೂಗತೊಡಗಿದರು. ಕೆರೆಯ ಸುತ್ತ ಅದೇ ಹೆಸರು ತಿರುಗಿ ತಿರುಗಿ ಬರುತ್ತಿತ್ತು. ನನಗೆ ಹೆದರಿಕೆಯಾಯಿತು.

“ಅಮ್ಮೆ.”

ಅವರು ತಿರುಗಲಿಲ್ಲ.

“ಅಮ್ಮೆ, ಧಣಿ ಕರೀತಾ ಇದ್ದಾರೆ.”

“ಕರೀಲಿ,” ಎಂದರು. ದನಿ ಒಡೆದಿತ್ತು. “ನೀನು ಇನ್ನೊಮ್ಮೆ ಕರಿ ಮಗಾ. ಎಷ್ಟು ಕಾಲ ಆಯ್ತು ಕೇಳದೆ.”